ಒಂದು ಇಡೀ ಊರಿಗೆ ಹೆಣ್ಣು ಕೊಟ್ಟ ಫೀಲ್ಡ್‌ವರ್ಕ್

ಇದನ್ನು ನೀವು ನಂಬುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನನಗಿರುವವರು ಇಬ್ಬರೂ ಗಂಡುಮಕ್ಕಳೇ. ಆದರೂ ಒಂದು ಇಡೀ ಊರಿಗೆ ಹೆಣ್ಣು ಕೊಟ್ಟವನು ನಾನು. ಊರಿನ ಒಂದು ಮನೆಗಲ್ಲ, ಊರಿಗೇ. ಕುರಿ, ನಾಯಿ, ನೀರಿನ ಟ್ಯಾಂಕು ಸಮೇತ. ವರ ಯಾರು ಅಂತ ಮಾತ್ರ ಕೇಳಬೇಡಿ. ಅದನ್ನು ಕೊಡುವಾಗ ನಾನೂ ಕೇಳಲಿಲ್ಲ, ತೆಗೆದುಕೊಳ್ಳುವಾಗ ಅವರೂ ಹೇಳಲಿಲ್ಲ. ಫಜೀತಿ ಆದದ್ದೇ ಅಲ್ಲಿ.

ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ಬಿ.ಎಸ್.ಡಬ್ಲ್ಯು. ಹುಡುಗರಿಗೆ ಸಮಾಜಕಾರ್ಯ ಕಲಿಸುತ್ತಿದ್ದೆ. ಕ್ಲಾಸಿನಲ್ಲಿ ಪಾಠ ಮಾಡುವುದು ಯಾರಿಗಾದರೂ ಬರುತ್ತದೆ. ಕಿಟಕಿ ಕಡೆ ನೋಡುತ್ತ ಮಾತಾಡಿದರಾಯಿತು. ನನ್ನ ಪಾಲಿಗೆ ಬಂದದ್ದು ಫೀಲ್ಡ್‌ವರ್ಕ್. ವಾರಕ್ಕೆ ಎರಡು ದಿನ ಹುಡುಗರನ್ನು ಒಂದು ಹಳ್ಳಿಗೆ ಕಳಿಸಬೇಕು. ಅವರು ಜನರ ಜೊತೆ ಬೆರೆಯಬೇಕು, ಊರಿಗೆ ಏನು ಬೇಕು ಅಂತ ತಿಳಿದುಕೊಳ್ಳಬೇಕು, ಜನರನ್ನು ಜೊತೆಗೆ ಹಾಕಿಕೊಂಡು ಏನಾದರೂ ಕೆಲಸ ಮಾಡಬೇಕು. ಪುಸ್ತಕದಲ್ಲಿ ಇದು ಅರ್ಧ ಪುಟ. ನನಗೆ ಅರ್ಧ ಆಯುಷ್ಯ. ಈ ಕೆಲಸಕ್ಕೆ ಹೊಸದಾಗಿ ಸೇರುವ ಮೇಷ್ಟ್ರುಗಳು ಒಂದು ಮಾತು ತಿಳಿದುಕೊಳ್ಳಿ: ಹುಡುಗರನ್ನು ಊರಿಗೆ ಕಳಿಸುವುದು ಸುಲಭ. ಮುಂದಿನ ವರ್ಷವೂ ಅದೇ ಊರು ಬಾಗಿಲು ತೆರೆಯುವಂತೆ ನೋಡಿಕೊಳ್ಳುವುದಿದೆಯಲ್ಲ, ಅದಕ್ಕೆ ಹೋಲಿಸಿದರೆ ಕುರಿ ಹಿಂಡಿಗೆ ಸ್ಕೂಲ್ ಯೂನಿಫಾರ್ಮ್ ಹಾಕುವುದು ಆರಾಮ.

ನಮ್ಮ ಪ್ರಿನ್ಸಿಪಾಲರಿಗೆ ಫೀಲ್ಡ್‌ವರ್ಕ್ ಅಂದರೆ ಪಿಕ್ನಿಕ್. ನಾನು ಹುಡುಗರನ್ನು ಕರೆದುಕೊಂಡು ಹೊರಟರೆ ಸಾಕು, ಬಾಗಿಲವರೆಗೆ ಬಂದು ಕೇಳುತ್ತಿದ್ದರು, "ಮೇಷ್ಟ್ರ, ಆ ಕಡಿ ಬೆಣ್ಣಿ ಚಲೋ ಸಿಗತೈತಂತಲ್ಲ?" ಇಡೀ ನೌಕರಿಯಲ್ಲಿ ಅವರು ನನ್ನ ಫೀಲ್ಡ್‌ವರ್ಕ್ ಬಗ್ಗೆ ಕೇಳಿದ ತಾಂತ್ರಿಕ ಪ್ರಶ್ನೆ ಅದೊಂದೇ.

ನಮ್ಮ ಫೀಲ್ಡ್‌ವರ್ಕ್ ಊರು ಕಾನಹೊಸಹಳ್ಳಿಯಿಂದ ಒಳಗೆ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಹಟ್ಟಿ ಅನ್ನೋಣ. ಕುರಿ ಸಾಕುವವರು, ಹೊಲ ಮಾಡುವವರು ಇರುವ ಊರು. ಮೊದಲ ಸಲ ಹೋದಾಗ ನಾನು ಹುಡುಗರಿಗೆಲ್ಲ ಬಿಳಿ ಶರ್ಟು ಹಾಕಿಸಿ, ಹೆಗಲಿಗೆ ಒಂದೇ ಬಣ್ಣದ ಚೀಲ ಹಾಕಿಸಿದ್ದೆ. ಶಿಸ್ತು ಕಾಣಲಿ ಅಂತ. ಊರಿಗೆ ಕಂಡದ್ದು ಬೇರೆ. ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ನಿಗೆ ಜನ ಹಿಡಿಯಲು ಬಂದಿದ್ದಾರೆ ಅಂತ ಗುಲ್ಲೆದ್ದು, ಊರಿನ ಗಂಡಸರೆಲ್ಲ ಕುರಿಗಳಿಗಿಂತ ಮೊದಲೇ ಗುಡ್ಡ ಹತ್ತಿದರು. ಕುರಿಗಳು ಪಾಪ, ಇವರಿಗೇನಾಯಿತು ಅಂತ ಕೆಳಗೆ ನಿಂತು ನೋಡುತ್ತಿದ್ದವು. ಆ ದಿನ ನನ್ನ ವಿದ್ಯಾರ್ಥಿಗಳು "ಗ್ರಾಮದಲ್ಲಿ ಪುರುಷರ ಸಂಖ್ಯೆ ಗಂಭೀರವಾಗಿ ಕುಸಿದಿದೆ" ಎಂದು ವರದಿ ಬರೆದರು. ನಾನು ಸಹಿಯನ್ನೂ ಹಾಕಿದೆ.

ಬಿಳಿ ಶರ್ಟು ಬಿಡಿಸಿದ ಮೇಲೆ ಗಂಡಸರು ಗುಡ್ಡ ಇಳಿದರು, ಚಹಾ ಕೊಟ್ಟರು, ಮಾತಾಡಿದರು. ಆದರೆ ನಮ್ಮ ಪದ್ಧತಿ ಹೇಗಿತ್ತು ಅಂದರೆ ಪ್ರತಿ ವರ್ಷ ಹೊಸ ಬ್ಯಾಚು ಬರುತ್ತಿತ್ತು, ಹಳೆಯ ಬ್ಯಾಚು ಪರೀಕ್ಷೆ ಬರೆದು ಮಾಯ. ಹೊಸಬರು ಮೊದಲಿಂದ ಅದೇ ಮನೆಮನೆ ಸರ್ವೆ ಶುರು ಮಾಡುತ್ತಿದ್ದರು. ಹಟ್ಟಿಯ ಹಾಲಮ್ಮಜ್ಜಿ ಊರಿನ ಹಿರಿಯ ಹೆಣ್ಣುಮಗಳು. ಅವಳ ಮಾತಿಗೆ ಪಂಚಾಯ್ತಿ ಮೆಂಬರೂ ಬೀಡಿ ಆರಿಸುತ್ತಿದ್ದ. ಒಂದು ವರ್ಷ ನಮ್ಮ ಹುಡುಗನೊಬ್ಬ ಅವಳ ಮುಂದೆ ಕೂತು, "ಅಜ್ಜಿ, ನಿಮ್ಮ ಹೆಸರು?" ಅಂದ.

"ಹೋದ ವರ್ಷ ಹಾಲಮ್ಮ ಇತ್ತಪ. ಈ ವರ್ಷನೂ ಅದನ್ನ ಇಟ್ಕೊಂಡೀನಿ," ಅಂದಳು.

ಅವನು ಮುಂದಿನ ಪ್ರಶ್ನೆ ಹುಡುಕುವಷ್ಟರಲ್ಲಿ ಅವಳೇ ಒಂದೇ ಉಸಿರಿನಲ್ಲಿ ಒದರಿದಳು: "ಗಂಡ ಇಲ್ಲ, ಕರೆಂಟ್ ಐತಿ, ರೇಡಿಯೋ ಐತಿ ಕೆಟ್ಟೈತಿ, ಒಲಿಗೆ ಕಟ್ಟಿಗಿ, ನೀರು ಬೋರಿಂದು, ಕುಂದ್ರಾಕ ಬಯಲು, ರೋಗ ಬಂದರ ಕೂಡ್ಲಿಗಿ. ಬರ್ಕೊಂಡೇನು? ಹಾಂ, ಆಮ್ಯಾಲೆ ನೀ ಕೇಳ್ತಿ, ನಿಮ್ಮ ಮುಖ್ಯ ಸಮಸ್ಯಿ ಏನು ಅಂತ. ನಮ್ಮ ಮುಖ್ಯ ಸಮಸ್ಯಿ ನೀವ."

ಅಲ್ಲಿಗೆ ಮುಗಿಯಲಿಲ್ಲ. ಆಟವಾಡುವ ಮಕ್ಕಳು ಮನೆಯಾಟ ಬಿಟ್ಟು ಸರ್ವೆಯಾಟ ಆಡತೊಡಗಿದ್ದರು. ಒಂದು ಪುಟ್ಟ ಹುಡುಗಿ ಆಡಿನ ಮುಂದೆ ಕೂತು "ವಾರ್ಷಿಕ ಆದಾಯ ಎಷ್ಟ್ರಿ?" ಅಂತ ಕೇಳುವುದನ್ನು ನಾನೇ ಕಣ್ಣಾರೆ ಕಂಡೆ. ಆಡು ನಮ್ಮ ಎಷ್ಟೋ ಜನರಿಗಿಂತ ಪ್ರಾಮಾಣಿಕವಾಗಿ ಸುಮ್ಮನಿತ್ತು.

ಕೊನೆಗೆ ಒಂದು ಬೇಸಿಗೆಯಲ್ಲಿ ಹಟ್ಟಿ ನಮಗೆ ಬಾಗಿಲು ಹಾಕಿತು. ಹಾಲಮ್ಮಜ್ಜಿ ಗುಡಿಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟಳು.

"ಮೇಷ್ಟ್ರ, ಸಿಟ್ಟಾಗಬ್ಯಾಡ್ರಿ. ವರ್ಷಾ ವರ್ಷಾ ಹೆಣ್ಣು ನೋಡಾಕ ಬಂದಂಗ ಬರ್ತೀರಿ. ಚಾ ಕುಡೀತೀರಿ. ಅಡಗಿ ಮನಿ ನೋಡ್ತೀರಿ. ಊರು ಚಂದೈತಿ ಅಂತೀರಿ. ಹೇಳಿ ಕಳಸ್ತೀವಿ ಅಂತ ಹೋಕ್ಕೀರಿ. ಇಷ್ಟು ವರ್ಷ ಆತು, ಒಂದರ ಲಗ್ನ ಆತೇನು?"

ಇತ್ತ ಕಾಲೇಜಿನಲ್ಲಿ ಇನ್ನೊಂದು ಬಾಂಬು. ವಿಶ್ವವಿದ್ಯಾಲಯದ ಸಮಿತಿ ಬರುತ್ತದಂತೆ. ಖಾಯಂ ಫೀಲ್ಡ್‌ವರ್ಕ್ ಊರು ಇಲ್ಲದ ಕಾಲೇಜಿನಲ್ಲಿ ಸಮಾಜಕಾರ್ಯ ಕೋರ್ಸು ಮುಚ್ಚಿಸುತ್ತದಂತೆ. ಪ್ರಿನ್ಸಿಪಾಲರು ಮೊದಲ ಸಲ ಬೆಣ್ಣೆ ಬಿಟ್ಟು ಬೇರೆ ಮಾತಾಡಿದರು: "ಊರಾಗಿನ ಮಂದಿ ತಾವ ಸಮಿತಿ ಮುಂದ ನಿಂತು, ಮುಂದಿನ ವರ್ಷನೂ ಹುಡುಗರು ಬರಲಿ ಅನ್ನಬೇಕ್ರಿ. ಇಲ್ಲಾಂದ್ರ ನೀವು, ನಿಮ್ಮ ಕೋರ್ಸು ಎರಡೂ ಕಟ್."

ನನ್ನ ಚಿಂತೆ ಬಿಡಿ, ನಾನು ಬೇರೆ ಏನಾದರೂ ಕಲಿಸಿಕೊಂಡಿರುತ್ತಿದ್ದೆ. ನಿಜವಾಗಿ ಕಂಗಾಲಾದವಳು ನಾಗವೇಣಿ. ಎರಡನೇ ವರ್ಷದ ವಿದ್ಯಾರ್ಥಿನಿ, ಆ ವರ್ಷದ ತಂಡದ ನಾಯಕಿ. ಹರಪನಹಳ್ಳಿಯವಳು. ಅಪ್ಪ ಮಾತಾಡದ ಮನುಷ್ಯ. ಅವ್ವ ಗಂಗಮ್ಮ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ನಡೆಸುವವಳು. ಮಗಳು ಬೆಳಿಗ್ಗೆ ಕೊಟ್ಟೂರು ಬಸ್ಸು ಹತ್ತಿ ಸಂಜೆ ದೀಪ ಹಚ್ಚುವುದರೊಳಗೆ ಮನೆ ಸೇರಬಹುದು ಅನ್ನುವ ಒಂದೇ ಕಾರಣಕ್ಕೆ ಓದಲು ಬಿಟ್ಟಿದ್ದಳು.

"ಸಾರ್, ಕೋರ್ಸ್ ಮುಚ್ಚಿದ್ರೆ ಬಳ್ಳಾರಿಗೋ ದಾವಣಗೆರೆಗೋ ಹೋಗ್ಬೇಕು. ನಮ್ಮವ್ವ ಕಳ್ಸಲ್ಲ," ಅಂದಳು ನಾಗವೇಣಿ. "ಮೊದ್ಲು ಬಾಣಲಿ ಮುಂದೆ ಕುಂದ್ರುಸ್ತಾಳೆ. ಆಮೇಲೆ ಯಾವನಾದ್ರೂ ಹುಡುಗನ ಮುಂದೆ ಕುಂದ್ರುಸ್ತಾಳೆ. ಏನಾದ್ರೂ ಮಾಡ್ರಿ ಸಾರ್."

ಏನಾದರೂ ಮಾಡುವುದರಲ್ಲಿ ನನ್ನಷ್ಟು ನಿಸ್ಸೀಮ ಈ ಐದು ತಾಲ್ಲೂಕಿನಲ್ಲಿ, ಕೂಡ್ಲಿಗಿಯಿಂದ ಹಡಗಲಿವರೆಗೆ, ಇನ್ನೊಬ್ಬನಿಲ್ಲ. ಹಾಲಮ್ಮಜ್ಜಿಯ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಹೆಣ್ಣು ನೋಡಲು ಬಂದು ಹೋಗುವವರನ್ನು ಊರು ನೆನಪಿಡುವುದಿಲ್ಲ, ಸರಿ. ಆದರೆ ಸೊಸೆಯನ್ನು? ಹೊಸ ಸೊಸೆ ಬಂದರೆ ಹಿರಿಯರು ಅವಳನ್ನು ಮನೆಮನೆಗೆ ಕರೆದುಕೊಂಡು ಹೋಗುತ್ತಾರೆ, ಯಾರು ಯಾರಿಗೆ ಏನಾಗಬೇಕು ಹೇಳುತ್ತಾರೆ, ಅವಳು ಆಮೇಲೆ ಊರಿನವಳೇ. ಹಾಗಾದರೆ ಹುಡುಗರನ್ನು ಸುಮ್ಮನೆ ಬಿಟ್ಟು ಬರುವ ಬದಲು, ಮದುವೆಯ ಕೊನೆಗೆ ಹೆಣ್ಣು ಒಪ್ಪಿಸುತ್ತಾರಲ್ಲ, ಹಾಗೆ ಒಪ್ಪಿಸಿ ಬಂದರೆ ಹೇಗೆ? ಪುಸ್ತಕ ಬರೆದವರಿಗೂ ಹೊಳೆಯದ ಉಪಾಯ ಕೊಟ್ಟೂರು ಬಸ್ಸಿನ ಹಿಂದಿನ ಸೀಟಿನಲ್ಲಿ ನನಗೆ ಹೊಳೆದಿತ್ತು. ತಲೆ ಮೇಲೆ ಹೊಡೆದದ್ದು ಜ್ಞಾನೋದಯವೋ ಬಸ್ಸಿನ ಚಾವಣಿಯೋ, ಗೊತ್ತಾಗಲಿಲ್ಲ.

ಹಟ್ಟಿಯವರನ್ನು ಕೊನೆಯ ಸಲ ಅಂತ ಬೇಡಿಕೊಂಡು ಗುಡಿಯ ಮುಂದೆ ಸೇರಿಸಿದೆ. ನಾಗವೇಣಿಯನ್ನು ನಿಲ್ಲಿಸಿ, ಮೈಕಿನಲ್ಲಿ, ಹೆಣ್ಣಿನ ಅಪ್ಪಂದಿರು ಹೇಳುವ ಮಾತನ್ನೇ ಹೇಳಿದೆ: "ನಮ್ಮ ಹುಡುಗಿ ಸಣ್ಣಾಕಿ. ಏನೂ ತಿಳಿಯಂಗಿಲ್ಲ. ತಪ್ಪು ಮಾಡಿದರ ಹೊಟ್ಟ್ಯಾಗ ಹಾಕ್ಕೊಳ್ರಿ. ಇವತ್ತಿನಿಂದ ಇಕಿ ನಿಮ್ಮಾಕಿ."

ಮೈಕಿಗೆ ಅಂಟಿದ್ದ ಧೂಳಿಗೋ ಏನೋ, ಕಣ್ಣಲ್ಲಿ ಎರಡು ಹನಿ ನೀರೂ ಬಂತು. ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಹಾಲಮ್ಮಜ್ಜಿ ಎದ್ದು, "ಬರೀ ಮಾತಿನಾಗ ಒಪ್ಪಿಸೋದು ಎಲ್ಲೈತ್ರಿ? ತಡೀರಿ," ಅಂದು ಮನೆಗೆ ಹೋದವಳು ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಕುಪ್ಪಸದ ಬಟ್ಟೆ ತಂದಳು. ನಾಗವೇಣಿ ಹಾಕಿದ್ದು ಚೂಡಿದಾರ. ಉಡಿ ತುಂಬಲು ಸೆರಗೆಲ್ಲಿ? ಅವಳ ವೇಲನ್ನೇ ಬಿಚ್ಚಿ, ಹಿಡಿಸಿ, ತುಂಬಿದರು. ನಾಗವೇಣಿ ಕೊಬ್ಬರಿ ಬಟ್ಟಲಿನ ಮೇಲಿಂದ ನನ್ನ ಕಡೆ ಕಣ್ಣು ಬಿಟ್ಟಳು. ನಾನು ಹೆಬ್ಬೆರಳೆತ್ತಿ ತೋರಿಸಿದೆ. ಸಮುದಾಯದ ಪಾಲ್ಗೊಳ್ಳುವಿಕೆ ಅಂದರೆ ಇದು, ಅಂತ ಎದೆಯುಬ್ಬಿಸಿ ನಿಂತಿದ್ದೆ. ಮದುವೆಯಾಗದ ಹುಡುಗಿಗೆ ಗುಡಿಯ ಮುಂದೆ ಒಪ್ಪಿಸುವ ಮಾತು ಹೇಳಿ ಉಡಿ ತುಂಬಿಸಿದರೆ ನಮ್ಮ ಕಡೆ ಅದಕ್ಕೆ ಏನರ್ಥ ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನಾನು ಸಮಾಜಕಾರ್ಯ ಮಾಡುತ್ತಿದ್ದೆ. ಅದನ್ನು ಮಾಡುವಾಗ ಗೊತ್ತಿರುವುದೆಲ್ಲ ಮರೆಯುತ್ತದೆ.

ಮತ್ತೆ ನಂಬಲಿಕ್ಕಿಲ್ಲ ನೀವು, ಉಪಾಯ ಫಲಿಸಿತು. ಹುಚ್ಚುಹುಚ್ಚಾಗಿ ಫಲಿಸಿತು. ಹಿಂದಿನ ಹುಡುಗರು ಹೋದರೆ ನಾಯಿ ಕೂಡ ಬೊಗಳದ ಊರು, ನಾಗವೇಣಿ ಒಂದು ಬುಧವಾರ ಜ್ವರ ಬಂದು ಹೋಗದಿದ್ದರೆ ಬಸ್ ಕಂಡಕ್ಟರ್ ಕೈಲಿ ಕಾಲೇಜಿಗೆ ಹೇಳಿ ಕಳಿಸಿತು: "ನಮ್ಮ ಸೊಸಿ ಯಾಕ ಬಂದಿಲ್ಲ, ಮೈಯಾಗ ಹುಷಾರಿಲ್ಲೇನು, ಕಷಾಯ ಕಳಸಬೇಕೇನು?" ಅಂಗನವಾಡಿಯ ಬೀಗ ಹೊತ್ತಿಗೆ ಸರಿಯಾಗಿ ತೆರೆಯತೊಡಗಿತು, ಯಾಕೆಂದರೆ ಸೊಸೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಎರಡು ಓಣಿಯ ಹೆಂಗಸರು ಒಂದೇ ಸಂಘಕ್ಕೆ ಸೇರಿದರು, ಯಾಕೆಂದರೆ ಸೊಸೆಯ ಮೇಲೆ ಇಬ್ಬರಿಗೂ ಹಕ್ಕಿತ್ತು. ತಂಡದ ಉಳಿದ ಹುಡುಗರು ಹೆಣ್ಣಿನ ಕಡೆಯ ಬೀಗರಾದರು. ಅವರಿಗೆ ಹೋದ ಮನೆಯಲ್ಲೆಲ್ಲ ಊಟ. ಅವರಲ್ಲೊಬ್ಬ ಆ ವರ್ಷ ಎಷ್ಟು ದಪ್ಪಗಾದನೆಂದರೆ ಬಸ್ಸಿನಲ್ಲಿ ಅವನಿಗೆ ಜಾಗ ಬಿಡಲು ಮೂರು ಜನ ಏಳಬೇಕಿತ್ತು.

ಒಂದೇ ತೊಂದರೆ. ಊರೆಲ್ಲ ಅತ್ತೆ-ಮಾವಂದಿರಾದ ಮೇಲೆ ಸೊಸೆ ಅವರ ಹೆಸರು ಹೇಳುವಂತಿಲ್ಲ, ಹಿರಿಯರ ಮುಂದೆ ಕಟ್ಟೆಯ ಮೇಲೆ ಕೂರುವಂತಿಲ್ಲ. ಹೆಸರು ಬಾಯಿಗೆ ಬಂದರೆ ಹೆಂಗಸರು ಅವಳ ಬಾಯಿ ಮುಚ್ಚುತ್ತಿದ್ದರು. ನಾಗವೇಣಿಯ ವರದಿ ಹೀಗೆ ಬಂತು: "ಈ ದಿನ ರೇಡಿಯೋ ಮಾವನವರ ಮನೆಗೆ ಭೇಟಿ ನೀಡಿ, ಕೆಮ್ಮು ಮಾವನವರ ಚಿಕಿತ್ಸೆಯ ಕುರಿತು ಟಗರು ಅತ್ತೆಯವರೊಂದಿಗೆ ಸಮಾಲೋಚಿಸಲಾಯಿತು." ಪ್ರಿನ್ಸಿಪಾಲರು ಅದನ್ನು ಎರಡು ಸಲ ಓದಿ, "ಮೇಷ್ಟ್ರ, ಇದೇನು ಫೀಲ್ಡ್‌ವರ್ಕೋ ಬೀಗತನಾನೋ?" ಅಂದರು. ಹೊಸ ವಿಧಾನ ಸಾರ್, ಅಂದೆ.

ಅಷ್ಟರಲ್ಲಿ ಹಟ್ಟಿಯ ಹಿರಿಯರು ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದರು. ಎಲ್ಲರ ತಲೆಗೆ ಹೊಸ ರುಮಾಲು. ಜೊತೆಗೆ ಹಾಲಮ್ಮಜ್ಜಿ, ಅವಳ ಮೊಮ್ಮಗ ಮೈಲಾರಿ. ಅವನು ಟೆಂಪೋ ಓಡಿಸುವ ಹುಡುಗ. ಆ ದಿನ ತಲೆಗೆ ಎಣ್ಣೆ ಹಚ್ಚಿ, ಒಂದು ಕೂದಲೂ ತಪ್ಪಿಸಿಕೊಳ್ಳದ ಹಾಗೆ ಬಾಚಿದ್ದ.

"ನಾಗವೇಣಿ ತವರಿಗೆ ಹೋಗಿ ಬರೋಣಂತ ಹೊಂಟೀವ್ರಿ. ಮನಿ ಎಲ್ಲಿ ಬರತೈತಿ?" ಅಂದಳು ಅಜ್ಜಿ.

ನನ್ನ ಹಿಗ್ಗು ಕೇಳಬೇಡಿ. ವಿದ್ಯಾರ್ಥಿ ಜನರ ಮನೆಗೆ ಹೋಗುವುದು ಗೃಹಭೇಟಿ. ಜನರೇ ವಿದ್ಯಾರ್ಥಿಯ ಮನೆಗೆ ಗೃಹಭೇಟಿ ಕೊಡುವುದು! ಜಗತ್ತಿನ ಸಮಾಜಕಾರ್ಯದಲ್ಲಿ ಇದೇ ಮೊದಲಿರಬೇಕು ಅನ್ನಿಸಿ, ಬಸ್‌ಸ್ಟ್ಯಾಂಡಿನಿಂದ ಅಂಗಡಿಗೆ ಹೋಗುವ ದಾರಿಯನ್ನು ನಾನೇ ನೆಲದ ಮೇಲೆ ಗೆರೆ ಹಾಕಿ ತೋರಿಸಿದೆ. "ಮೆಣಸಿನಕಾಯಿ ತಿನ್ನದ ಬರಬ್ಯಾಡ್ರಿ," ಅಂತ ಸಲಹೆ ಬೇರೆ.

ಅಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಗಂಗಮ್ಮ ಗಿರಾಕಿಗಳು ಅಂದುಕೊಂಡು ಬಿಸಿಬಿಸಿ ಮೆಣಸಿನಕಾಯಿ ಕೊಟ್ಟಳಂತೆ. ತಿಂದು, ಬಾಯಿ ಒರೆಸಿಕೊಂಡು, ಹಾಲಮ್ಮಜ್ಜಿ ವಿಷಯ ತೆಗೆದಳಂತೆ: "ನಿಮ್ಮ ಮಗಳನ್ನ ನಮಗ ಆಗಲೇ ಒಪ್ಪಿಸ್ಯಾರವ್ವ, ಉಡೀನೂ ತುಂಬೀವಿ. ಹುಡುಗ ಯಾರು ಅನ್ನೋದು ಅಷ್ಟ ಬಾಕಿ ಇತ್ತು. ಈಗ ಅದನ್ನೂ ಗೊತ್ತು ಮಾಡಿ ಕರ್ಕೊಂಡು ಬಂದೀವಿ. ಮೈಲಾರಿ, ಮುಂದ ಬಾ." ಆ ದಿನ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಸೀದು ಹೋದ ವಾಸನೆ ಪಕ್ಕದ ಊರು ತೆಲಿಗಿವರೆಗೂ ಬಂದಿತ್ತು ಅನ್ನುತ್ತಾರೆ. ಆ ಸಂಜೆ ಮನೆಗೆ ಬಂದ ಮಗಳಿಗೆ ಗಂಗಮ್ಮ ಏನೂ ಗೊತ್ತು ಮಾಡಲಿಲ್ಲವಂತೆ; ಮೊದಲು ಕೊಟ್ಟವರನ್ನೇ ಎದುರಿಗೆ ಹಿಡಿದು ಕೇಳಬೇಕಿತ್ತು ಅವಳಿಗೆ.

ಇದೊಂದೂ ಗೊತ್ತಿಲ್ಲದ ನಾನು ಮಾರನೆಯ ದಿನ ಹಟ್ಟಿಯ ಗುಡಿಕಟ್ಟೆಯ ಮುಂದೆ ಬ್ಯಾನರ್ ಕಟ್ಟಿಸಿ, ಕುರ್ಚಿ ಹಾಕಿಸಿ, ಪ್ರಿನ್ಸಿಪಾಲರ ಜೊತೆ ಸಮಿತಿಯನ್ನು ಬರಮಾಡಿಕೊಂಡೆ. ಅಧ್ಯಕ್ಷರು ಕರಿ ಕನ್ನಡಕದ ದೊಡ್ಡ ಪ್ರೊಫೆಸರು. ನಗು ಬಂದರೆ ಕೆಮ್ಮಿ ಮುಚ್ಚುವ ಜಾತಿ. ನಾನು ಅವರ ಪಕ್ಕದ ಕುರ್ಚಿಯಲ್ಲೇ ಕೂತು ಮಾತು ಶುರು ಹಚ್ಚಿದೆ. ವಿದ್ಯಾರ್ಥಿ ಮತ್ತು ಗ್ರಾಮದ ನಡುವೆ ಬಿಡಿಸಲಾಗದ ಸಂಬಂಧ, ಅಂದೆ. ಕ್ಷೇತ್ರಕಾರ್ಯದ ಇತಿಹಾಸದಲ್ಲಿ ಹೊಸ ಅಧ್ಯಾಯ, ಅಂದೆ. ಅಧ್ಯಕ್ಷರು ಎದುರಿಗೆ ನಿಂತಿದ್ದ ಹಾಲಮ್ಮಜ್ಜಿಯ ಕಡೆ ತಿರುಗಿ, "ಮುಂದಿನ ವರ್ಷವೂ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುತ್ತೀರಾ?" ಅಂತ ಕೇಳಿದರು.

"ಸೊಸಿ ಇಲ್ಲೇ ಇರ್ತಾಳ. ಮತ್ತ ಅಕಿ ತಂಗಿಗಳು ಬರದ ಬಿಡ್ತಾರೇನ್ರಿ?" ಅಂದಳು ಅಜ್ಜಿ.

"ಸೊಸೆ?" ಅಂದರು ಅಧ್ಯಕ್ಷರು. ಕನ್ನಡಕ ಮೂಗಿನಿಂದ ಸ್ವಲ್ಪ ಜಾರಿತು.

ನಾನು ಅದನ್ನು ವಿವರಿಸಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಗಂಗಮ್ಮ ಬಂದಳು. ಅಂಗಡಿಯಿಂದ ನೇರ ಎದ್ದು ಬಂದವಳು. ಮೊಣಕೈವರೆಗೆ ಕಡ್ಲೆಹಿಟ್ಟು ಒಣಗಿತ್ತು. ಜನ ತಾವಾಗಿಯೇ ದಾರಿ ಬಿಟ್ಟರು.

"ನನ್ನ ಮಗಳ್ನ ಒಪ್ಪಿಸಿ ಕೊಟ್ಟೋರು ಯಾರು?"

ನಾನು ಬ್ಯಾನರಿನ ಗಂಟು ಸಡಿಲವಾಗಿದೆಯೇನೋ ಅಂತ ಆ ಕಡೆ ತಿರುಗಿದೆ. ಹಾಲಮ್ಮಜ್ಜಿಗೆ ನನ್ನ ಮೇಲೆ ಅಷ್ಟು ಅಭಿಮಾನ ಇರಬಾರದಿತ್ತು. "ಇವರ ನೋಡವ್ವ, ಮೇಷ್ಟ್ರು. ಹೆತ್ತಪ್ಪಗಿಂತ ಚಂದ ಒಪ್ಪಿಸಿದ್ರು. ಕಣ್ಣಾಗ ನೀರು ತಂದಿದ್ರು."

"ಹೆತ್ತಪ್ಪ ಕೊಟ್ರೂ ನಾನು ಹ್ಞೂಂ ಅನ್ಬೇಕು. ಇವರ್ಯಾರು ಕೊಡಾಕೆ?" ಅಂದವಳು ಮಗಳ ಕಡೆ ತಿರುಗಿದಳು. "ಓದಿದ್ದು ಸಾಕು. ನಡಿ ಮನೆಗೆ."

"ಹಂಗ ಹೆಂಗ ಕರ್ಕೊಂಡು ಹೊಕ್ಕೀಯವ್ವಾ? ಉಡಿ ತುಂಬೀವಿ ನಾವು!" ಅಂತ ಹೆಂಗಸರು ಎದ್ದರು. ಒಂದು ಕೈ ಗಂಗಮ್ಮ ಹಿಡಿದಿದ್ದಳು, ಇನ್ನೊಂದು ಕೈ ಟಗರು ಅತ್ತೆ. ಪ್ರಿನ್ಸಿಪಾಲರು ನೀರು ಕೇಳಿದರು.

ನಾಗವೇಣಿ ಎರಡೂ ಕೈ ಬಿಡಿಸಿಕೊಂಡಳು. "ಸಾರ್ ಕೊಟ್ರು. ನೀವು ತಗಂಡ್ರಿ. ನಮ್ಮವ್ವ ವಾಪಸ್ ಒಯ್ಯಾಕೆ ಬಂದಾಳೆ. ನಾನೇನು ಕೊಡಪಾನಾ?" ಅಂದಳು. "ಕೋರ್ಸ್ ಉಳೀಲಿ ಅಂತ ಇಷ್ಟು ದಿನ ಸುಮ್ನಿದ್ದೆ. ನಂಗೆ ಈ ಊರಾಗೆ ಕೆಲಸ ಮಾಡೋದು ಬೇಕು. ಮದುವಿ ಬ್ಯಾಡ. ಅವ್ವಾ, ಡಿಗ್ರಿ ಮುಗಿಸ್ತೀನಿ, ಆಮ್ಯಾಕೆ ನೀನು ಎಷ್ಟು ಬೇಕಾದ್ರೂ ಬೈಯಿ."

ಗಂಗಮ್ಮ ಮಗಳನ್ನು ನೋಡಿದಳು. ಅಷ್ಟು ಜನರ ಮುಂದೆ ಮಗಳು ಮಾತಾಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ ಅನ್ನುವುದು ಮುಖದ ಮೇಲೇ ಇತ್ತು. ಕೈಯ ಒಣ ಹಿಟ್ಟನ್ನು ಉಜ್ಜಿ ಉದುರಿಸಿದಳು. ಆಮೇಲೆ ಹಾಲಮ್ಮಜ್ಜಿಯ ಎದುರಿಗೆ ಹೋಗಿ ನಿಂತಳು.

"ಅಜ್ಜಿ, ಒಪ್ಸೋದಾದ್ರೆ ನಾನೇ ಒಪ್ಸಬೇಕು. ಈಗ ಒಪ್ಸ್ತೀನಿ, ಕೇಳ್ರಿ. ಸೊಸೆ ಅಂತ ಅಲ್ಲ. ಮಗಳು ಅಂತ. ಇವ್ಳು ನಿಮ್ಮ ಊರ ಮಗಳು. ತಗಂತೀರಾ?"

ಹಾಲಮ್ಮಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತಂದಳು. ಲೆಕ್ಕ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಊರ ಮಗಳಾದರೆ ಊರ ಹುಡುಗರೆಲ್ಲ ಅವಳಿಗೆ ಅಣ್ಣತಮ್ಮಂದಿರು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಮೈಲಾರಿಯ ತಲೆಯಲ್ಲಿ ಅಷ್ಟು ಹೊತ್ತು ಶಿಸ್ತಾಗಿ ಮಲಗಿದ್ದ ಕೂದಲೂ ಎದ್ದು ನಿಂತವು.

"ಮಗಳಾದ್ರ ಕಟ್ಟಿ ಮ್ಯಾಲೆ ಕುಂದ್ರಬಹುದು," ಅಂದಳು ಅಜ್ಜಿ ನಿಧಾನವಾಗಿ. "ಹೆಸರು ಹಿಡಿದು ಕರೀಬಹುದು. ಜಗಳಾನೂ ಆಡಬಹುದು. ಪಂಚಮಿಗೆ ನಾವ ಕರ್ಕೊಂಡು ಬರಬೇಕಾಕ್ಕತಿ, ಜೋಕಾಲಿ ಕಟ್ಟಬೇಕಾಕ್ಕತಿ..." ಎಲೆಯಡಿಕೆ ಪಕ್ಕಕ್ಕೆ ಉಗುಳಿ, "ತಗೊಂಡ್ವಿ ಬಿಡವ್ವ. ಸೊಸಿಗಿಂತ ಮಗಳ ಚಲೋ. ಲೇ ಮೈಲಾರಿ, ನಿನ್ನ ತಂಗಿಗೆ ಬಸ್ಸಿನ ಹೊತ್ತಾತು ಅಂದ್ರ ಟೆಂಪೋದಾಗ ಬಿಟ್ಟು ಬರೋದು ನಿನ್ನ ಕೆಲಸ, ನೋಡು."

"ಬಿಡ್ತೀನಬೇ," ಅಂದ ಮೈಲಾರಿ, ಆಡಿನ ದನಿಯಲ್ಲಿ.

ಅಧ್ಯಕ್ಷರು ಬಹಳ ಹೊತ್ತು ಕೆಮ್ಮಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಇದೇ ಸಮಯ ಅಂತ, "ಸಾರ್, ಈ ನಮ್ಮ ವಿಧಾನದ ವೈಶಿಷ್ಟ್ಯ ಏನೆಂದರೆ..." ಅಂತ ಮುಂದೆ ಬಾಗಿದೆ. ಅವರು ನನ್ನನ್ನು ದಾಟಿ ಗಂಗಮ್ಮನನ್ನು ಕೇಳಿದರು, "ಅಮ್ಮಾ, ಮುಂದಿನ ವರ್ಷ ಬರುವ ಹುಡುಗರನ್ನು ಹೇಗೆ ಕಳಿಸಬೇಕು, ನೀವೇ ಹೇಳಿ."

"ಯಾರ ಮಕ್ಕಳು ಬರ್ತಾರೋ ಅವರ ಅವ್ವಂದಿರು ಮೊದ್ಲು ಬಂದು ಊರು ನೋಡ್ಲಿ. ಊರೋರು ಅವರ್ನ ನೋಡ್ಲಿ. ಹಳೇ ಮಗಳು ಹೊಸ ಮಕ್ಕಳ್ನ ಮನೆ ಮನೆಗೆ ಕರ್ಕಂಡು ಹೋಗ್ಲಿ. ಅಷ್ಟೇ ಸಾಕಲ್ರಿ, ಇದಕ್ಕೆ ಮೈಕ್ ಯಾಕೆ?"

ಅಧ್ಯಕ್ಷರು ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಪ್ರಿನ್ಸಿಪಾಲರು ತಲೆಯಾಡಿಸಿದರು, ಎಲ್ಲ ಮೊದಲೇ ಗೊತ್ತಿದ್ದವರ ಹಾಗೆ. ನಾಗವೇಣಿ ಹೋಗಿ ಕಟ್ಟೆಯ ಮೇಲೆ, ಊರಿನ ಹಿರಿಯರ ಪಕ್ಕದಲ್ಲೇ, ಕಾಲು ಇಳಿಬಿಟ್ಟು ಕೂತಳು. ನಾನು ಇನ್ನೊಮ್ಮೆ ಬಾಯಿ ತೆರೆದೆ. ಗಂಗಮ್ಮ ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು.

"ಮೇಷ್ಟ್ರೇ, ಏಳ್ರಿ. ಅಜ್ಜಿ ಆಗ್ಲಿಂದ ನಿಂತೈತೆ."

ನಾನು ಎದ್ದೆ.